ಲಕ್ಷದ ಲ್ಯಾಪ್‌ಟಾಪು, ಎರಿ ಹೊಲದ ಲೆಕ್ಕ

ಸಿಇಟಿ ಸೀಟು ಹಂಚಿಕೆ ಮುಗಿದ ವಾರ ನಮ್ಮ ಕಡೆಯ ಮನೆಗಳಲ್ಲಿ ಒಂದೇ ಜಗಳ.

‘ಯಪ್ಪಾ, ಲ್ಯಾಪ್‌ಟಾಪ್ ಬೇಕು. ಗೇಮಿಂಗ್‌ದು.’

‘ಎಷ್ಟರದ್ದೋ ತಮ್ಮಾ?’

‘ಒಂದ್ ಲಕ್ಷ ಆಗತೈತಿ.’

‘ಲಕ್ಷಕ್ಕ ಮುರ್ರಾ ಎಮ್ಮಿ ಬರತೈತಿ. ಮುಂಜಾನಿ ಸಂಜೀಕ ಹಾಲು ಕೊಡತೈತಿ. ಇದೇನ ಕೊಡತೈತಿ?’

ಮಗ ಮುಖ ಸಿಂಡರಿಸಿಕೊಂಡು ಎದ್ದು ಹೋಗುತ್ತಾನೆ. ಹೋಗಬಾರದು. ಯೂಟ್ಯೂಬಿನ ವಿಮರ್ಶಕರೆಲ್ಲ ಕೂಡಿದರೂ ಇದಕ್ಕಿಂತ ಒಳ್ಳೆಯ ಪ್ರಶ್ನೆ ಕೇಳಲಾರರು. ಅವರ ಲೆಕ್ಕ ಬೆಂಗಳೂರಿನ ಫ್ಲ್ಯಾಟಿನದು: ಫೈಬರ್ ಇಂಟರ್ನೆಟ್ಟು, ಎಸಿ ಕೋಣೆ, ತಿಂಗಳ ಸಂಬಳ, ಮೂಲೆಯ ಮೇಲೊಂದು ಸರ್ವಿಸ್ ಸೆಂಟರ್. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಕಡೆಯ ಹಳ್ಳಿಯ ಮನೆಗೆ ಬೇರೆ ಲೆಕ್ಕ ಬೇಕು. ಅದಕ್ಕೇ ಈ ಸೂತ್ರಗಳು.

1. ಅಪ್ಪನ ಪ್ರಶ್ನೆಗೆ ಒಂದು ಸಾಲಿನ ಉತ್ತರ ಬರೆಯಿರಿ

ಬಾಯಿಮಾತು ಬೇಡ, ಹಾಳೆಯ ಮೇಲೆ ಬರೆಯಿರಿ. ‘ಓದಾಕ’ ಎನ್ನುವುದು ಉತ್ತರವಲ್ಲ. ಯಾವ ಸಾಫ್ಟ್‌ವೇರು, ಯಾವ ಸೆಮಿಸ್ಟರಿನಿಂದ, ವಾರಕ್ಕೆ ಎಷ್ಟು ತಾಸು? ‘ಮೂರನೇ ಸೆಮಿಸ್ಟರಿನಿಂದ ಸಾಲಿಡ್‌ವರ್ಕ್ಸ್, ವಾರಕ್ಕೆ ಎಂಟು ತಾಸು’ ಎಂದರೆ ಅದು ಉತ್ತರ. ‘ಮದುವೆ ವಿಡಿಯೋ ಎಡಿಟಿಂಗ್, ಸೀಜನ್ನಿನಲ್ಲಿ ವಾರಕ್ಕೆ ಎರಡು’ ಎಂದರೂ ಉತ್ತರ. ‘ಗೇಮ್ ಆಡಾಕ’ ಎಂದರೆ ಅದೂ ಉತ್ತರವೇ, ಸುಳ್ಳಿಗಿಂತ ಎಷ್ಟೋ ಮೇಲು. ಆದರೆ ಆಗ ರೊಕ್ಕ ಯಾರದು ಎಂಬ ಇನ್ನೊಂದು ಪ್ರಶ್ನೆ ಹುಟ್ಟುತ್ತದೆ. ಅದನ್ನು ಕೊನೆಗೆ ನೋಡೋಣ.

2. ಕೋರ್ಸಿಗೂ ಗ್ರಾಫಿಕ್ಸ್ ಕಾರ್ಡಿಗೂ ಸಂಬಂಧ ಇದೆಯೇ ನೋಡಿ

ಗೇಮಿಂಗ್ ಲ್ಯಾಪ್‌ಟಾಪಿಗೆ ನೀವು ಹೆಚ್ಚಿಗೆ ಕೊಡುವ ರೊಕ್ಕದ ಬಹುಪಾಲು ಹೋಗುವುದು ಒಂದೇ ವಸ್ತುವಿಗೆ: ಪ್ರತ್ಯೇಕ ಗ್ರಾಫಿಕ್ಸ್ ಚಿಪ್ಪು ಮತ್ತು ಅದನ್ನು ತಣ್ಣಗಿಡುವ ಫ್ಯಾನುಗಳು. ಆ ಚಿಪ್ಪನ್ನು ಮುಟ್ಟುವ ಕೆಲಸ ಇಲ್ಲದಿದ್ದರೆ ನೀರಿಲ್ಲದ ಬಾವಿಗೆ ಹತ್ತು ಎಚ್‌ಪಿ ಮೋಟಾರು ಕೂಡಿಸಿದಂತೆ.

ಬಿಎ, ಬಿಕಾಂ, ಬಿಸಿಎ, ಡಿ.ಎಡ್, ಬಿ.ಎಡ್, ಸ್ಪರ್ಧಾತ್ಮಕ ಪರೀಕ್ಷೆಯ ತಯಾರಿ: ಅವಶ್ಯವೇ ಇಲ್ಲ. ಊರಲ್ಲಿ ಗ್ರಾಮ ಒನ್ ಕೇಂದ್ರ ತೆರೆಯುವವರಿಗೆ, ನುಡಿಯಲ್ಲಿ ಅರ್ಜಿ ಟೈಪ್ ಮಾಡಿಕೊಡುವವರಿಗೆ ಅದಕ್ಕಿಂತ ಮೊದಲು ಒಳ್ಳೆಯ ಪ್ರಿಂಟರ್ ಬೇಕು.

ಕಂಪ್ಯೂಟರ್ ಸೈನ್ಸ್ ಎಂಜಿನಿಯರಿಂಗಿಗೆ ಗೇಮಿಂಗ್ ಲ್ಯಾಪ್‌ಟಾಪ್ ಬೇಕೇ ಬೇಕು ಎಂಬ ಮಾತು ಹುಬ್ಬಳ್ಳಿ ಅಂಗಡಿಗಳಲ್ಲಿ ವೇದವಾಕ್ಯ. ಸಿ, ಜಾವಾ, ಪೈಥಾನ್, ಡೇಟಾಬೇಸ್, ವೆಬ್‌ಸೈಟು ಇವು ಯಾವುವೂ ಗ್ರಾಫಿಕ್ಸ್ ಚಿಪ್ಪಿನ ಹೆಸರು ಕೇಳುವುದಿಲ್ಲ. ಅವಕ್ಕೆ ಬೇಕಾದ್ದು 16 ಜಿಬಿ ರ‍್ಯಾಮ್, ಎಸ್‌ಎಸ್‌ಡಿ, ಗಟ್ಟಿ ಕೀಬೋರ್ಡು. ‘ಮಶೀನ್ ಲರ್ನಿಂಗ್ ಮಾಡ್ತೀನಿ ಮಾಮಾ’ ಎಂದು ಸೋದರಮಾವನನ್ನು ಹೆದರಿಸುವವರಿಗೆ ಒಂದು ಸುದ್ದಿ: ಗೂಗಲ್ ಕೊಲ್ಯಾಬ್ ಪುಕ್ಕಟೆಯಾಗಿ ಕೊಡುವ ಟಿ4 ಚಿಪ್ಪಿನಲ್ಲಿ 16 ಜಿಬಿ ಮೆಮೊರಿ ಇದೆ. ಲಕ್ಷದ ಲ್ಯಾಪ್‌ಟಾಪಿನ ಆರ್‌ಟಿಎಕ್ಸ್ 4060ರಲ್ಲಿ ಇರುವುದು 8 ಜಿಬಿ. ಪುಕ್ಕಟೆಯದಕ್ಕೆ ವೇಳೆಯ ಮಿತಿ ಇದೆ, ನಿಜ. ಆದರೂ ಮೊದಲ ಎರಡು ವರ್ಷದ ಕಲಿಕೆಗೆ ಧಾರಾಳವಾಗಿ ಸಾಕು.

ಮೆಕ್ಯಾನಿಕಲ್, ಸಿವಿಲ್, ಆರ್ಕಿಟೆಕ್ಚರ್ ಎಂದರೆ ಮಾತು ಸ್ವಲ್ಪ ಬೇರೆ. ಆಟೋಕ್ಯಾಡಿನ ಎರಡು ಆಯಾಮದ ನಕಾಶೆ ಯಾವ ಯಂತ್ರದಲ್ಲೂ ಓಡುತ್ತದೆ. ಮೂರು ಆಯಾಮದ ರೆವಿಟ್, ದೊಡ್ಡ ಅಸೆಂಬ್ಲಿ, ರೆಂಡರಿಂಗ್ ಬಂದಾಗ ಪ್ರತ್ಯೇಕ ಚಿಪ್ಪು ಕೆಲಸಕ್ಕೆ ಬರುತ್ತದೆ. ಆದರೂ ಆರ್‌ಟಿಎಕ್ಸ್ 3050 ಅಥವಾ 4050 ಮಟ್ಟ ಸಾಕು. ಆಟೋಡೆಸ್ಕ್ ಕಂಪನಿ ವಿದ್ಯಾರ್ಥಿಗಳಿಗೆ ತನ್ನ ಸಾಫ್ಟ್‌ವೇರನ್ನು ಪುಕ್ಕಟೆ ಕೊಡುತ್ತದೆ, ವರ್ಷಕ್ಕೊಮ್ಮೆ ನವೀಕರಿಸಬೇಕು. ಕಳ್ಳ ಪ್ರತಿ ಹಾಕಿಸಿಕೊಂಡು ವೈರಸ್ ತರಬೇಡಿ.

ನಿಜವಾಗಿ ಆ ಚಿಪ್ಪಿನಿಂದ ಅನ್ನ ಹುಟ್ಟಿಸುವವರು ಒಬ್ಬರಿದ್ದಾರೆ: ಫೋಟೋ ಸ್ಟುಡಿಯೋದವರು. ಮದುವೆ, ಕುಬಸ, ಜಾತ್ರೆ, ಪ್ರಿ-ವೆಡ್ಡಿಂಗ್, ಡ್ರೋನ್ ಶೂಟಿಂಗ್. ಎರಡು ಕ್ಯಾಮೆರಾದ 4ಕೆ ವಿಡಿಯೋ ಎಡಿಟ್ ಮಾಡುವಾಗ, ಡಾವಿಂಚಿ ರಿಸಾಲ್ವಿನಲ್ಲಿ ಬಣ್ಣ ತಿದ್ದುವಾಗ ಗ್ರಾಫಿಕ್ಸ್ ಚಿಪ್ಪು ತಾಸುಗಟ್ಟಲೆ ವೇಳೆ ಉಳಿಸುತ್ತದೆ. ಅಂಥವರು ಮುಂದಿನ ಸೂತ್ರಗಳನ್ನು ಎರಡೆರಡು ಸಲ ಓದಲಿ.

3. ಎಂಜಿನ್ನಿನ ಎಚ್‌ಪಿ ಕೇಳಬೇಡಿ, ಪಿಟಿಓ ಕೇಳಿ

ಟ್ರ್ಯಾಕ್ಟರ್ ಕೊಂಡವರಿಗೆ ಇದು ಅರ್ಥವಾಗುತ್ತದೆ. ಬಾನೆಟ್ಟಿನ ಮೇಲೆ ಬರೆದ ಎಚ್‌ಪಿ ಬೇರೆ, ರೋಟಾವೇಟರಿಗೆ ಮುಟ್ಟುವ ಪಿಟಿಓ ಶಕ್ತಿ ಬೇರೆ. ಲ್ಯಾಪ್‌ಟಾಪಿನಲ್ಲೂ ಇದೇ ಆಟ. ಪೆಟ್ಟಿಗೆಯ ಮೇಲೆ ‘ಆರ್‌ಟಿಎಕ್ಸ್ 4060’ ಎಂದಿರುತ್ತದೆ. ಆದರೆ ಆ ಚಿಪ್ಪಿಗೆ ಎಷ್ಟು ವ್ಯಾಟ್ ಹರಿಸಬೇಕು ಎಂಬುದನ್ನು ಲ್ಯಾಪ್‌ಟಾಪ್ ತಯಾರಿಸಿದವರು ತೀರ್ಮಾನಿಸುತ್ತಾರೆ. ಎನ್‌ವಿಡಿಯಾ ಅವರಿಗೆ ಬಿಟ್ಟುಕೊಟ್ಟ ಅಂತರ 35 ವ್ಯಾಟಿನಿಂದ 115 ವ್ಯಾಟಿನವರೆಗೆ. ಹೆಸರು ಒಂದೇ, ಕಸುವು ಬೇರೆ. 45 ವ್ಯಾಟಿನ 4060ಕ್ಕಿಂತ ಪೂರ್ತಿ ವ್ಯಾಟಿನ 4050 ಕೆಲವು ಕೆಲಸಗಳಲ್ಲಿ ಮುಂದಿರುತ್ತದೆ, ಬೆಲೆಯೂ ಕಡಿಮೆ.

ಆದ್ದರಿಂದ ಅಂಗಡಿಯಲ್ಲಿ ಕೇಳಬೇಕಾದ ಮೊದಲ ಮಾತು: ‘ಇದರ ಟಿಜಿಪಿ ಎಷ್ಟು ವ್ಯಾಟ್ ರೀ?’ ಟಿಜಿಪಿ ಎಂದರೆ ಚಿಪ್ಪು ಉಣ್ಣುವ ಒಟ್ಟು ವಿದ್ಯುತ್ತು. ಕಂಪನಿಯ ಜಾಲತಾಣದಲ್ಲಿ ಪೂರ್ತಿ ಮಾಡೆಲ್ ನಂಬರ್ ಹಾಕಿದರೆ ಸಾಮಾನ್ಯವಾಗಿ ಸಿಗುತ್ತದೆ. ಸಂತೆಯಲ್ಲಿ ಎತ್ತಿನ ಹಲ್ಲು ಎಣಿಸದೆ ರೊಕ್ಕ ಬಿಚ್ಚದ ನಾವು ಲಕ್ಷದ ಯಂತ್ರವನ್ನು ಹೊರಗಿನ ಕೆಂಪು ದೀಪ ನೋಡಿ ತರುತ್ತೇವೆ.

ಎರಿ ಭೂಮಿಯಲ್ಲಿ ಆಳದ ನೇಗಿಲು ಹೊಡೆಯಲು 50 ಎಚ್‌ಪಿ ಬೇಕು, ಸಣ್ಣ ಹಿಡುವಳಿಯ ಮಸಾರಿಗೆ ಅಷ್ಟು ಬೇಡ. ಅದೇ ವಿವೇಕ ಇಲ್ಲಿಯೂ ಇರಲಿ.

4. ಬಸ್ಸಿನಲ್ಲಿ ಹೊತ್ತು ನೋಡಿ

ನವಲಗುಂದದಿಂದ ಹುಬ್ಬಳ್ಳಿಗೆ ಹತ್ತಿರ ಹತ್ತಿರ 40 ಕಿಲೋಮೀಟರ್. ಪಾಸಿನ ಮೇಲೆ ದಿನಾ ವಾಯವ್ಯ ಸಾರಿಗೆ ಬಸ್ಸಿನಲ್ಲಿ ನಿಂತು ಹೋಗುವ ಹುಡುಗರು ಬಹಳ. ಗೇಮಿಂಗ್ ಲ್ಯಾಪ್‌ಟಾಪ್ ಎರಡೂಕಾಲು, ಎರಡೂವರೆ ಕಿಲೋ. ಅದರ ಅಡಾಪ್ಟರ್ ಇಟ್ಟಂಗಿಯಂಥದು, ಅದೇ ಅರ್ಧ ಕಿಲೋ ದಾಟುತ್ತದೆ. ಒಟ್ಟು ಮೂರು ಕಿಲೋ. ಅಡಾಪ್ಟರ್ ಮನೆಯಲ್ಲಿ ಬಿಟ್ಟರೆ? ಬ್ಯಾಟರಿಯ ಮೇಲೆ ಗೇಮು ಬಹಳವೆಂದರೆ ಒಂದೂವರೆ ತಾಸು, ಅದೂ ಅರೆಶಕ್ತಿಯಲ್ಲಿ. ವಿಮಾನದಲ್ಲಿ ಒಯ್ಯಲು 100 ವ್ಯಾಟ್-ಅವರ್‌ಗಿಂತ ದೊಡ್ಡ ಬ್ಯಾಟರಿಗೆ ಅಡ್ಡಿಯಿರುವುದರಿಂದ ಕಂಪನಿಗಳು ಅದರೊಳಗೇ ನಿಲ್ಲಿಸುತ್ತವೆ. 150 ವ್ಯಾಟ್ ಕುಡಿಯುವ ಯಂತ್ರಕ್ಕೆ ಅದು ಗುಟುಕು ನೀರು. ಸಾಧಾರಣ ಲ್ಯಾಪ್‌ಟಾಪು ಒಂದೂವರೆ ಕಿಲೋ, ಆರೇಳು ತಾಸು ನಡೆಯುತ್ತದೆ, ಕ್ಲಾಸಿನಲ್ಲಿ ಪ್ಲಗ್ಗಿಗೆ ಜಗಳ ಇಲ್ಲ.

ಕುಂದಗೋಳದವರಿಗೆ ರೈಲಿದೆ. ಒಂದು ಕಾಲಕ್ಕೆ ಗಂಗೂಬಾಯಿ ಹಾನಗಲ್ಲರು ಸವಾಯಿ ಗಂಧರ್ವರಲ್ಲಿ ಕಲಿಯಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ಇದೇ ದಾರಿಯಲ್ಲಿ ರೈಲು ಹತ್ತಿ ಬರುತ್ತಿದ್ದರು. ಈಗ ಕಲಿಯುವವರು ಎದುರು ದಿಕ್ಕಿಗೆ ಹೋಗುತ್ತಾರೆ, ಬೆನ್ನ ಮೇಲೆ ಮೂರು ಕಿಲೋ. (ಪೂರ್ತಿ ಹೊರೆಯಲ್ಲಿ ಈ ಯಂತ್ರದ ಫ್ಯಾನು ಹಾಕುವ ಬೊಬ್ಬೆಯನ್ನು ಆ ಊರಿನ ಕಿವಿಗಳು ಹೇಗೆ ತಡೆದಾವೋ ಗೊತ್ತಿಲ್ಲ.)

5. ಮನೆಯ ಕರೆಂಟನ್ನು ಮೊದಲು ಪರೀಕ್ಷೆ ಮಾಡಿಸಿ

ಇದನ್ನು ಯಾವ ವಿಮರ್ಶಕನೂ ಹೇಳುವುದಿಲ್ಲ. ಅದಕ್ಕೇ ಉದ್ದವಾಗಿ ಹೇಳುತ್ತೇನೆ.

ವೋಲ್ಟೇಜ್ ಇಳಿದರೆ ಹೆದರಬೇಕಿಲ್ಲ. ಲ್ಯಾಪ್‌ಟಾಪಿನ ಅಡಾಪ್ಟರ್ 100ರಿಂದ 240 ವೋಲ್ಟಿನವರೆಗೆ ತಾಳುತ್ತದೆ. ಕೊಲ್ಲುವುದು ಏರಿದ ವೋಲ್ಟೇಜು. ಹೆಸ್ಕಾಂ ಟಿಸಿಯ ಹತ್ತಿರ ನ್ಯೂಟ್ರಲ್ ತಂತಿ ಕಡಿದರೆ ಮನೆಗೆ 230ರ ಬದಲು 400ರ ಸಮೀಪ ನುಗ್ಗಬಹುದು. ಓಣಿಯ ಟಿವಿಗಳೆಲ್ಲ ಒಂದೇ ದಿನ ಸುಟ್ಟದ್ದನ್ನು ಕಂಡವರಿಗೆ ಇದು ಗೊತ್ತು. ಹೈ-ಲೋ ಕಟ್ ಆಗುವ ಸ್ಟೆಬಿಲೈಸರ್ ಇದಕ್ಕೆ ಮದ್ದು. ಬರೇ ಸ್ಪೈಕ್ ಗಾರ್ಡ್ ಸಾಲದು. ಏಪ್ರಿಲ್-ಮೇ ತಿಂಗಳ ಗುಡುಗು ಸಿಡಿಲಿಗೆ ಮಾತ್ರ ಒಂದೇ ಮದ್ದು: ಪ್ಲಗ್ ಕಿತ್ತಿಡುವುದು. ಮಾಡ ಕಟ್ಟಿದಾಗಲೇ ಕೀಳಿ, ಸಿಡಿಲು ಬಡಿದ ಮೇಲಲ್ಲ.

ಇನ್ನು ಅರ್ಥಿಂಗ್. ನಮ್ಮ ಅಕ್ಕನ ಮಗ ಹೊಸ ಲ್ಯಾಪ್‌ಟಾಪ್ ತಂದ ಎರಡನೇ ದಿನ ‘ಕೈ ಜುಂ ಅನ್ನತೈತಿ ಮಾಮಾ, ಮಾಲೇ ಖರಾಬ್ ಐತಿ’ ಎಂದು ಫೋನ್ ಮಾಡಿದ. ಅಂಗಡಿಯವರು ಬದಲಿ ಕೊಡಲಿಲ್ಲ, ನಾನು ಅಂಗಡಿಯವರ ಮೇಲೆ ಹರಿಹಾಯ್ದೆ. ಹೋಗಿ ನೋಡಿದರೆ ಮನೆಯ ಅರ್ಥಿಂಗ್ ಕುಣಿ ಮನೆ ಕಟ್ಟಿದಾಗಿನದು, ಎರಿ ಮಣ್ಣು ಬೇಸಿಗೆಗೆ ಬಿರಿದು ಸರಳಿನಿಂದ ಗೇಣು ದೂರ ಸರಿದಿತ್ತು. ಒಣ ಮಣ್ಣು ವಿದ್ಯುತ್ತನ್ನು ಒಯ್ಯುವುದಿಲ್ಲ. ಉಪ್ಪು, ಇದ್ದಿಲು ಹಾಕಿ ನಾಲ್ಕು ಕೊಡ ನೀರು ಸುರಿದ ಮೇಲೆ ಜುಂ ಎನ್ನುವುದು ನಿಂತಿತು. ಅಂಗಡಿಗೆ ತಿರುಗಿ ಹೋಗಿ ತಪ್ಪಾಯಿತು ಎನ್ನಲು ನನಗೆ ಒಂದು ತಿಂಗಳು ಹಿಡಿಯಿತು. ಎರಿ ಸೀಮೆಯವರು ಬೇಸಿಗೆಯಲ್ಲಿ ವಾರಕ್ಕೊಮ್ಮೆ ಅರ್ಥಿಂಗ್ ಕುಣಿಗೆ ನೀರು ಹಾಕಲೇಬೇಕು.

ಇನ್ವರ್ಟರ್ ಲೆಕ್ಕ: 12 ವೋಲ್ಟಿನ, 150 ಎಎಚ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1,800 ವ್ಯಾಟ್-ಅವರ್. ನಷ್ಟ ಕಳೆದು, ಬ್ಯಾಟರಿ ಬರಿದಾಗದಂತೆ ಬಳಸಿದರೆ ಸಾವಿರ ಚಿಲ್ಲರೆ. ಗೇಮ್ ಓಡುವಾಗ ಲ್ಯಾಪ್‌ಟಾಪ್ ಒಂದೇ 200 ವ್ಯಾಟ್ ಎಳೆದರೆ, ಒಂದು ಫ್ಯಾನು ನಾಲ್ಕು ದೀಪ ಸೇರಿ ನಾಲ್ಕು ತಾಸಿಗೆ ಮನೆ ಕತ್ತಲು. ಅಜ್ಜಿಯ ಫ್ಯಾನು ನಿಂತರೆ ನಿಮ್ಮ ಗೇಮೂ ನಿಲ್ಲುತ್ತದೆ. ಸೈನ್ ವೇವ್ ಇನ್ವರ್ಟರ್ ಇದ್ದರೆ ಮಾತ್ರ ಈ ಅಡಾಪ್ಟರ್ ಹಚ್ಚಿ.

ಗೃಹಜ್ಯೋತಿ ಲೆಕ್ಕವೂ ಇದೆ. ದಿನಕ್ಕೆ ನಾಲ್ಕು ತಾಸು, 200 ವ್ಯಾಟ್ ಎಂದರೆ ತಿಂಗಳಿಗೆ 24 ಯೂನಿಟ್. ಸಾಧಾರಣ ಲ್ಯಾಪ್‌ಟಾಪಾದರೆ ಐದು ಯೂನಿಟ್. ನಿಮ್ಮ ಬಿಲ್ಲಿನಲ್ಲಿ ಬರೆದ ಅರ್ಹ ಯೂನಿಟ್ ದಾಟಿದ್ದಕ್ಕೆ ಕೈಯಿಂದ ಕೊಡಬೇಕು, 200 ದಾಟಿದರೆ ಪೂರ್ತಿ ಬಿಲ್ಲು ನಿಮ್ಮದೇ. ಹೊಲದ ಮನೆಯಲ್ಲಿ ಇರುವವರ ಸಂಗತಿ ಇನ್ನೂ ಬೇರೆ. ನಿರಂತರ ಜ್ಯೋತಿಯ ಲೈನು ಮುಟ್ಟದೆ ಪಂಪ್‌ಸೆಟ್ಟಿನ ಲೈನಿನ ಮೇಲೇ ಇದ್ದರೆ, ಮೋಟಾರಿಗೆ ತ್ರೀಫೇಸ್ ಬಂದು ಹೋಗುವ ಆ ಮನೆಗೆ ಈ ಯಂತ್ರ ಬೇಡವೇ ಬೇಡ.

6. ಒಂದು ಗೇಮು, ಐವತ್ತು ದಿನ

ಇಂದಿನ ದೊಡ್ಡ ಗೇಮುಗಳು 100 ಜಿಬಿ ದಾಟುತ್ತವೆ. ದಿನಕ್ಕೆ 2 ಜಿಬಿಯ ರೀಚಾರ್ಜಿನಲ್ಲಿ ಒಂದು ಗೇಮ್ ಇಳಿಸಲು 50 ದಿನ. ಅಷ್ಟರೊಳಗೆ ಹೆಸರು ಬಿತ್ತಿದವನು ರಾಶಿಗೆ ಹತ್ತಿರ ಬಂದಿರುತ್ತಾನೆ. ಅದರ ಮೇಲೆ ಅಪ್‌ಡೇಟು ಬೇರೆ. ಊರಿಗೆ ಗಟ್ಟಿ 5ಜಿ ಇದ್ದರೆ ಅಥವಾ ಫೈಬರ್ ಮನೆಯತನಕ ಬಂದಿದ್ದರೆ ತೊಂದರೆ ಇಲ್ಲ. ಇಲ್ಲದವರು ಹುಬ್ಬಳ್ಳಿಯ ಗೆಳೆಯನ ರೂಮಿನಲ್ಲಿ ಇಳಿಸಿಕೊಂಡು ತರಬಹುದು. ಗೇಮು ಮಾರುವ ಸ್ಟೀಮ್ ತಾಣ 2023ರಿಂದ ಒಂದೇ ವೈಫೈಯಲ್ಲಿರುವ ಎರಡು ಯಂತ್ರಗಳ ನಡುವೆ ಗೇಮನ್ನು ನೇರ ನಕಲು ಮಾಡಲು ಬಿಡುತ್ತದೆ.

7. ಜಮಖಾನದ ಮೇಲೆ ಇಡಬೇಡಿ

ನವಲಗುಂದದ ಜಮಖಾನ ಜಗತ್ತಿಗೇ ಚೆಂದ. ಆದರೆ ಗೇಮಿಂಗ್ ಲ್ಯಾಪ್‌ಟಾಪ್ ಗಾಳಿ ಎಳೆಯುವುದು ಹೊಟ್ಟೆಯಡಿಯಿಂದ. ಜಮಖಾನ, ಕೌದಿ, ಗಾದಿ ಯಾವುದರ ಮೇಲಿಟ್ಟರೂ ಉಸಿರು ಕಟ್ಟುತ್ತದೆ. ಅಡಿಗೆ ಎರಡು ಸಣ್ಣ ಕಟ್ಟಿಗೆ ತುಂಡು ಕೊಟ್ಟು ಹಿಂಭಾಗ ಎತ್ತರಿಸಿದರೆ ಸಾಕು, ಎರಡು ಸಾವಿರದ ಕೂಲಿಂಗ್ ಪ್ಯಾಡ್ ಬೇಕಿಲ್ಲ.

ಮಣ್ಣಿನ ಮಾಳಿಗೆಯ ಮನೆಯಲ್ಲಿ ಮೇಲಿನಿಂದ ಧೂಳು ಉದುರುತ್ತದೆ. ಹತ್ತಿ ಬಿಡಿಸಿದ ಕಾಲಕ್ಕೆ ಪಡಸಾಲೆಯಲ್ಲೇ ಹತ್ತಿ ಒಟ್ಟುತ್ತಾರೆ, ಆ ಎಳೆ ಫ್ಯಾನಿನ ರೆಕ್ಕೆಗೆ ಸುತ್ತಿಕೊಂಡರೆ ಚಿಪ್ಪು 95 ಡಿಗ್ರಿ ಮುಟ್ಟಿ ತಾನೇ ವೇಗ ಇಳಿಸುತ್ತದೆ. ಆಗ ಲಕ್ಷದ ಯಂತ್ರ ನಲವತ್ತು ಸಾವಿರದ್ದರಂತೆ ನಡೆಯುತ್ತದೆ. ಆರು ತಿಂಗಳಿಗೊಮ್ಮೆ ಬಿಚ್ಚಿಸಿ ಸ್ವಚ್ಛ ಮಾಡಿಸಿ. ತಗಡಿನ ಮನೆಯಾದರೆ ಮಾರ್ಚಿನಿಂದ ಮೇವರೆಗೆ ಮಧ್ಯಾಹ್ನ ಮುಟ್ಟಲೇಬೇಡಿ. ಕಾಳಿನ ಚೀಲ ಇರುವ ಕೋಣೆಯಲ್ಲಿ ಇಲಿ ಇರುತ್ತದೆ, ಇಲಿಗೆ ಅಡಾಪ್ಟರ್ ವೈರೂ ಒಂದೇ, ಶೇಂಗಾ ಕಾಯಿಯೂ ಒಂದೇ.

8. ಇಎಂಐ ತಿಂಗಳಿಗೊಮ್ಮೆ, ಪೀಕು ವರ್ಷಕ್ಕೊಮ್ಮೆ

ಎಡವುವುದು ಇಲ್ಲಿಯೇ. ಯಂತ್ರ ಕೆಟ್ಟರೆ ವಾರಂಟಿ ಇದೆ, ಕಂತು ತಪ್ಪಿದರೆ ವಾರಂಟಿ ಇಲ್ಲ.

ಹೆಸರು ಬರುವುದು ಆಗಸ್ಟ್-ಸೆಪ್ಟೆಂಬರಿನಲ್ಲಿ, ಮಳೆ ಕೆಡಿಸದಿದ್ದರೆ. ಗೋವಿನಜೋಳ ದೀಪಾವಳಿ ಸುಮಾರು. ಹತ್ತಿ, ಮೆಣಸಿನಕಾಯಿ ಹೊಸ ವರ್ಷ ದಾಟಿ. ಕಡಲೆ ಫೆಬ್ರುವರಿಗೆ. ನಡುವಿನ ತಿಂಗಳು ದಲಾಲಿ ಅಂಗಡಿಯ ಉದ್ರಿಯ ಮೇಲೆ ನಡೆಯುತ್ತವೆ. ಇಂಥ ಮನೆಗೆ ಪ್ರತಿ ತಿಂಗಳು 5ಕ್ಕೆ 8,400 ರೂಪಾಯಿ ಕಡಿತ ಎಂದರೆ ಜೂನಿನಲ್ಲಿ ಬೀಜ-ಗೊಬ್ಬರದ ರೊಕ್ಕಕ್ಕೇ ಕೈಹಾಕಿದಂತೆ.

ಆ 8,400 ಎಲ್ಲಿಂದ ಬಂತು ನೋಡಿ. 90,000 ರೂಪಾಯಿ ಸಾಲ, ‘ಬರೇ 12 ಪರ್ಸೆಂಟ್ ಫ್ಲ್ಯಾಟ್’, 12 ಕಂತು. ಬಡ್ಡಿ 10,800, ಒಟ್ಟು 1,00,800. ಕೇಳಲು ನೂರಕ್ಕೆ ಹನ್ನೆರಡು. ಆದರೆ ನೀವು ತಿಂಗಳು ತಿಂಗಳು ಅಸಲು ತೀರಿಸುತ್ತಿರುತ್ತೀರಿ, ಬಡ್ಡಿ ಮಾತ್ರ ಪೂರ್ತಿ ತೊಂಬತ್ತು ಸಾವಿರದ ಮೇಲೆ ಓಡುತ್ತಿರುತ್ತದೆ. ಇಳಿಯುವ ಬಾಕಿಯ ಮೇಲೆ ಲೆಕ್ಕ ಹಾಕಿದರೆ ನೂರಕ್ಕೆ 21.5ರ ಹತ್ತಿರ.

‘ನೋ ಕಾಸ್ಟ್ ಇಎಂಐ’ ಎಂದರೆ? ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲೇ ಬ್ಯಾಂಕುಗಳಿಗೆ ಹೇಳಿತ್ತು. ಬಡ್ಡಿ ಎಲ್ಲೋ ಇರುತ್ತದೆ. ಪತ್ತೆ ಮಾಡುವ ದಾರಿ ಸುಲಭ: ‘ನಗದು ಕೊಟ್ಟರೆ ಎಷ್ಟಕ್ಕೆ ಕೊಡ್ತೀರಿ?’ ಎಂದು ಕೇಳಿ. 90,000ದ್ದು 84,000ಕ್ಕೆ ಇಳಿದರೆ ಆ ಆರು ಸಾವಿರವೇ ಬಡ್ಡಿ. ಫೈಲ್ ಚಾರ್ಜು, ಅದರ ಮೇಲಿನ ಜಿಎಸ್‌ಟಿ ಬೇರೆ ಕೂಡಿಸಿ.

ನನ್ನ ಸಲಹೆ ಒಂದೇ. ಪೀಕು ಮಾರಿದ ವಾರದಲ್ಲಿ ನಗದು ಕೊಟ್ಟು ತನ್ನಿ, ಅಮರಗೋಳದ ಎಪಿಎಂಸಿಯಿಂದ ಬರುವ ದಾರಿಯಲ್ಲೇ. ಅಷ್ಟು ಆಗದಿದ್ದರೆ ಅಷ್ಟರದ್ದು ಬೇಡ. ಅವ್ವನ ಬೋರಮಾಳ ಅಡವಿಟ್ಟು ಗೇಮಿಂಗ್ ಲ್ಯಾಪ್‌ಟಾಪ್ ತಂದವರನ್ನು ನೋಡಿದ್ದೇನೆ. ಬಂಗಾರದ ಸಾಲದ ಬಡ್ಡಿ ಅಂಗಡಿ ಸಾಲಕ್ಕಿಂತ ಕಡಿಮೆ ಎಂಬ ಅವರ ಲೆಕ್ಕ ಸರಿಯೇ ಇತ್ತು. ಮೂರು ವರ್ಷಕ್ಕೆ ಬಂಗಾರದ ಬೆಲೆ ಏರಿತು, ಲ್ಯಾಪ್‌ಟಾಪಿನ ಬೆಲೆ ಅರ್ಧಕ್ಕಿಂತ ಕೆಳಗೆ ಇಳಿಯಿತು.

9. ಶಿಕ್ಷಣ ಸಾಲ ತೆಗೆಯುವವರಿದ್ದರೆ ಅದರಲ್ಲೇ ಕೇಳಿ

ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ, ಕೋರ್ಸಿಗೆ ಅವಶ್ಯವಿದ್ದರೆ ನ್ಯಾಯವಾದ ಬೆಲೆಯ ಕಂಪ್ಯೂಟರ್ ಖರೀದಿಗೂ ಅವಕಾಶ ಇದೆ. ಬಹಳ ಮಂದಿ ಕೇಳುವುದೇ ಇಲ್ಲ. ಕಾಲೇಜಿನ ಪತ್ರ, ಅಂಗಡಿಯ ಕೊಟೇಶನ್ ಒಯ್ಯಿರಿ. ಓದು ಮುಗಿದ ಮೇಲೆ ಕಂತು ಶುರುವಾಗುತ್ತದೆ. ನಮ್ಮ ಕಡೆಯ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿದೆ. ಹಳೆಯ ಪಾಸ್‌ಬುಕ್ ಹಿಡಿದು ಹೋಗುವವರು ಹೊಸ ಹೆಸರಿನಲ್ಲಿ ಅರ್ಜಿ ಬರೆಯಿರಿ. ಮ್ಯಾನೇಜರು ‘ಗೇಮಿಂಗ್’ ಎಂಬ ಪದ ಕಂಡು ಹುಬ್ಬು ಗಂಟಿಕ್ಕಿದರೆ ಅದು ಅವರ ತಪ್ಪಲ್ಲ.

10. ರ‍್ಯಾಮ್ 16, ಇಬ್ಭಾಗವಾಗಿ

8 ಜಿಬಿಯ ಎರಡು ಕಡ್ಡಿ, 16ರ ಒಂದಕ್ಕಿಂತ ಚುರುಕು. ‘ಈಗ ಎಂಟು, ಆಮೇಲೆ ಹಾಕಿಸಿದರಾಯ್ತು’ ಎಂಬ ಹಳೆಯ ಉಪಾಯ ಈಗ ನಡೆಯುವುದಿಲ್ಲ. 2025ರ ಕೊನೆಯಿಂದ ಎಐ ಡೇಟಾ ಸೆಂಟರುಗಳು ಮೆಮೊರಿಯನ್ನೆಲ್ಲ ಬಾಚಿಕೊಂಡು ಬೆಲೆ ಏರಿಸಿವೆ.

11. ಸ್ಟುಡಿಯೋದವರು ಪರದೆಯ ಬಣ್ಣ ನೋಡಿ

ಅಗ್ಗದ ಗೇಮಿಂಗ್ ಲ್ಯಾಪ್‌ಟಾಪುಗಳಲ್ಲಿ ಪರದೆ ಚುರುಕು, ಬಣ್ಣ ಸಪ್ಪೆ. ವಿವರದ ಹಾಳೆಯಲ್ಲಿ ‘45 ಪರ್ಸೆಂಟ್ ಎನ್‌ಟಿಎಸ್‌ಸಿ’ ಎಂದಿದ್ದರೆ ಕೆಳಗಿಡಿ. ‘100 ಪರ್ಸೆಂಟ್ ಎಸ್‌ಆರ್‌ಜಿಬಿ’ ಬೇಕು. ಇಲ್ಲದಿದ್ದರೆ ಮದುಮಗಳ ಇಳಕಲ್ ಸೀರೆಯ ಕೆಂಪು ಸೆರಗು ನಿಮ್ಮ ಪರದೆಯಲ್ಲಿ ಒಂದು ಬಣ್ಣ, ಅಲ್ಬಮ್ಮಿನಲ್ಲಿ ಇನ್ನೊಂದು. ಬೀಗರು ಅಲ್ಬಮ್ ತಿರುಗಿ ತಂದರೆ ಗ್ರಾಫಿಕ್ಸ್ ಚಿಪ್ಪು ಬಂದು ಉತ್ತರ ಕೊಡುವುದಿಲ್ಲ.

12. ವಾರಂಟಿಗೆ ನಿಮ್ಮ ಪಿನ್‌ಕೋಡ್ ಹಾಕಿ ನೋಡಿ

‘ಆನ್‌ಸೈಟ್ ವಾರಂಟಿ’ ಎಂದರೆ ಮೆಕ್ಯಾನಿಕ್ ಮನೆಗೆ ಬರುತ್ತಾನೆ ಎಂದರ್ಥ. ಯಾರ ಮನೆಗೆ? ಕಂಪನಿಯ ಜಾಲತಾಣದಲ್ಲಿ ಪಿನ್‌ಕೋಡ್ ಹಾಕಿ ಖಾತ್ರಿ ಮಾಡಿಕೊಳ್ಳಿ. ಒಂದು ತಮಾಷೆ ನೋಡಿ: ಕುಂದಗೋಳ 581113, ಕಲಘಟಗಿ 581204. ಆದರೆ ನವಲಗುಂದ 582208, ಅಣ್ಣಿಗೇರಿ 582201, ಎರಡೂ ಗದಗಿನ ಸಾಲಿನವು. ಧಾರವಾಡ ಜಿಲ್ಲೆಯವರಾದ ನಿಮ್ಮನ್ನು ಕಂಪನಿಯ ಕಂಪ್ಯೂಟರು ಗದಗಿಗೆ ಕಳಿಸಿದರೆ ಅಚ್ಚರಿಪಡಬೇಡಿ, ಮೊದಲೇ ಕೇಳಿಕೊಳ್ಳಿ. ಬೆಣ್ಣಿಹಳ್ಳದ ದಂಡೆಯ ಊರಿನವರು ನೀರು ಬಿದ್ದದ್ದಕ್ಕೂ ಅನ್ವಯಿಸುವ ಅಪಘಾತ ರಕ್ಷಣೆಯನ್ನು ಸೇರಿಸಿಕೊಂಡರೆ ರೊಕ್ಕ ದಂಡವಲ್ಲ.

ಜಿಎಸ್‌ಟಿ ಬಿಲ್ಲಿಲ್ಲದೆ ತರಬೇಡಿ. 18 ಪರ್ಸೆಂಟ್ ಉಳಿಸಿದೆ ಎಂದು ಬೀಗಿದವರು ವಾರಂಟಿಯ ಹೊತ್ತಿಗೆ ಬಿಲ್ಲಿಗಾಗಿ ಅಂಗಡಿಗೆ ಅಲೆಯುತ್ತಾರೆ. ಆನ್‌ಲೈನಿನಲ್ಲಿ ತರಿಸಿದರೆ ಪೆಟ್ಟಿಗೆ ಒಡೆಯುವುದರಿಂದ ಹಿಡಿದು ಯಂತ್ರ ಚಾಲೂ ಆಗುವವರೆಗೆ ವಿಡಿಯೋ ಮಾಡಿಟ್ಟುಕೊಳ್ಳಿ. ತಕರಾರು ಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಗ್ರಾಹಕ ಆಯೋಗಕ್ಕೆ ಹೋಗುವುದಾದರೆ ಐದು ಲಕ್ಷದವರೆಗಿನ ವಸ್ತುವಿಗೆ ಶುಲ್ಕ ಇಲ್ಲ.

13. ‘ಆಡಿ ಗಳಿಸ್ತೀನಿ’ ಎಂದರೆ ಫೋನಿನಲ್ಲಿ ಗಳಿಸಿ ತೋರಿಸಿ

ನಮ್ಮ ಹುಡುಗರ ಕೈಯಲ್ಲಿರುವ ಗೇಮು ಬಿಜಿಎಂಐ, ಫ್ರೀ ಫೈರ್ ಮ್ಯಾಕ್ಸ್. ಎರಡೂ ಫೋನಿನ ಗೇಮುಗಳು, ಲ್ಯಾಪ್‌ಟಾಪ್ ಬೇಕಿಲ್ಲ. ಈ ವೃತ್ತಿಯ ನೆಲ ಎಷ್ಟು ಗಟ್ಟಿ? ಪಬ್‌ಜಿ 2020ರ ಸೆಪ್ಟೆಂಬರಿನಲ್ಲಿ ನಿಷೇಧವಾಯಿತು. ಫ್ರೀ ಫೈರ್ 2022ರ ಫೆಬ್ರುವರಿಯಲ್ಲಿ. ಬಿಜಿಎಂಐ ಅದೇ ವರ್ಷದ ಜುಲೈನಲ್ಲಿ ಆ್ಯಪ್ ಅಂಗಡಿಯಿಂದ ಮಾಯವಾಗಿ 2023ರ ಮೇನಲ್ಲಿ ತಿರುಗಿ ಬಂತು. ರೊಕ್ಕ ಹಚ್ಚಿ ಆಡುವ ಗೇಮುಗಳನ್ನು 2025ರ ಆಗಸ್ಟಿನಲ್ಲಿ ಸಂಸತ್ತು ಕಾಯ್ದೆ ಮಾಡಿ ನಿಷೇಧಿಸಿತು. ಇ-ಕ್ರೀಡೆಗೆ ಅದೇ ಕಾಯ್ದೆ ಮನ್ನಣೆ ಕೊಟ್ಟಿದೆ ಎಂಬುದೂ ನಿಜ. ಕಂಪ್ಯೂಟರಿನಲ್ಲೇ ಆಡುವ ವ್ಯಾಲರಂಟ್‌ಗೂ ಲಕ್ಷದ ಯಂತ್ರ ಬೇಡ. ಅದರ ಕನಿಷ್ಠ ಬೇಡಿಕೆ ಹತ್ತು ವರ್ಷಕ್ಕೂ ಹಳೆಯ ಇಂಟೆಲ್ ಎಚ್‌ಡಿ 4000 ಗ್ರಾಫಿಕ್ಸು, 4 ಜಿಬಿ ರ‍್ಯಾಮ್. ಹಳ್ಳಿಯಲ್ಲಿ ಸೋಲಿಸುವುದು ಚಿಪ್ಪಲ್ಲ, ಪಿಂಗ್. ಮುಂಬೈ ಸರ್ವರಿಗೆ ಗುಂಡು ತಲುಪುವಷ್ಟರಲ್ಲಿ ಎದುರಾಳಿ ಗೋಡೆಯ ಹಿಂದೆ ಹೋಗಿರುತ್ತಾನೆ.

14. ಒಯ್ಯುವ ಕೆಲಸ ಇಲ್ಲದಿದ್ದರೆ ಡೆಸ್ಕ್‌ಟಾಪ್

ಸ್ಟುಡಿಯೋ ಒಂದೇ ಕಡೆ ಇರುತ್ತದೆ. ಅದೇ ರೊಕ್ಕಕ್ಕೆ ಡೆಸ್ಕ್‌ಟಾಪು ಹೆಚ್ಚು ಕಸುವಿನದು, ತಣ್ಣಗಿರುತ್ತದೆ, ಕೆಟ್ಟ ಭಾಗವನ್ನಷ್ಟೇ ಹುಬ್ಬಳ್ಳಿಯಲ್ಲಿ ಬದಲಿಸಬಹುದು. ಯುಪಿಎಸ್ ಮಾತ್ರ ಬೇಕೇ ಬೇಕು. ಅದು ಕೊಡುವುದು ಹತ್ತು ನಿಮಿಷ, ಉಳಿಸಿ ಮುಚ್ಚಲು ಅಷ್ಟು ಸಾಕು.

15. ಇನ್ನು ತೀರ್ಮಾನ

ಬಿಎ, ಬಿಕಾಂ, ಬಿಸಿಎ, ಕಂಪ್ಯೂಟರ್ ಸೈನ್ಸ್: 45ರಿಂದ 60 ಸಾವಿರದ ಸಾಧಾರಣ ಲ್ಯಾಪ್‌ಟಾಪು, 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ. ಮೆಕ್ಯಾನಿಕಲ್, ಸಿವಿಲ್: ಮೊದಲ ವರ್ಷ ಕಾಲೇಜಿನ ಲ್ಯಾಬಿನಲ್ಲಿ ಕಳೆಯಿರಿ, ಎರಡನೇ ವರ್ಷ ಹಿರಿಯ ವಿದ್ಯಾರ್ಥಿಗಳನ್ನು ಕೇಳಿ ಕೊಳ್ಳಿ. ತಿಂಗಳಿಗೆ ಎರಡಾದರೂ ಮದುವೆಯ ಕೆಲಸ ಕೈಯಲ್ಲಿರುವ ಸ್ಟುಡಿಯೋದವರು ಧೈರ್ಯವಾಗಿ ಕೊಳ್ಳಿ, ಒಂದು ಸೀಜನ್ನಿಗೆ ಅಸಲು ಹುಟ್ಟಬೇಕು. ಬರೇ ಗೇಮಿಗೆ ಬೇಕಾದವರು ಸ್ವಂತ ಗಳಿಕೆಯಲ್ಲಿ ಕೊಳ್ಳಿ, ಯಾರ ಅಪ್ಪಣೆಯೂ ಬೇಡ. ಗೇಮ್ ಆಡುವುದು ಪಾಪವಲ್ಲ, ಅಪ್ಪನ ಕಡಲೆ ರೊಕ್ಕದಲ್ಲಿ ‘ಓದಾಕ’ ಎಂದು ಹೇಳಿ ಆಡುವುದು ಬೇಡ ಅಷ್ಟೆ.

ಅಂಗಡಿಗೆ ಹೋಗುವಾಗ ಅಪ್ಪನನ್ನೂ ಕರೆದುಕೊಂಡು ಹೋಗಿ. ಚೌಕಾಸಿ ಅವರಿಗೆ ಬಿಡಿ, ವ್ಯಾಟು ನೀವು ಕೇಳಿ. ಟಿಜಿಪಿ ಎಷ್ಟು ಎಂದು ಕೇಳಿದಾಗ ಅಂಗಡಿಯವನು ‘ಅದೆಲ್ಲಾ ಸೇಮ್ ಇರತೈತಿ ಬಿಡ್ರಿ’ ಎಂದರೆ ಮಾತು ಬೆಳೆಸದೆ ಮೆಟ್ಟಲು ಇಳಿದು ಬನ್ನಿ. ಊರಿಗೆ ಇನ್ನೂ ಬಸ್ಸಿರುತ್ತದೆ.